ಲೆಕ್ಕಕ್ಕಿಲ್ಲದ ಹೆಸರು

ಫೋನು ಎಸರಿನ ಪಾತೇಲಿಗೆ ಬಿದ್ದಾಗ ಶಿವಕಾಂತಾಳ ಬಾಯಿಂದ ಮೊದಲು ಹೊರಟ ಮಾತು, "ಅಯ್ಯ, ನನ್ನ ಎಸರು ಕೆಟ್ಟಿತಲ್ಲ!" ಎಂಬುದು. ರೊಟ್ಟಿಯ ಹಿಟ್ಟಿಗೆ ಕುದಿಸಿದ ನೀರು ಕೆಟ್ಟರೆ ಇನ್ನೊಂದು ಪಾತೇಲಿ ಇಟ್ಟರಾಯಿತು. ಕೆಟ್ಟದ್ದು ನೀರಲ್ಲ ಎಂದು ಆಕೆಗೆ ಹೊಳೆದದ್ದು, ಫರಹೀನ ಸೌಟಿನಿಂದ ಆ ಫೋನನ್ನು ಎತ್ತಿ ಹಿಟ್ಟಿನ ಚೀಲದ ಮೇಲೆ ಕುಸಿದು ಕೂತಾಗ.

ಇಬ್ಬರೂ ಸೇರಿ ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡೊಂದರಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದ್ದರು. ನರೋಣಾದ ಶಿವಕಾಂತಾ ಅದರ ಕೈ, ಆಳಂದದ ಫರಹೀನ ಅದರ ಬಾಯಿ. ಒಬ್ಬಳು ಬಡಿದ ರೊಟ್ಟಿ ಕಾಗದದಷ್ಟು ತೆಳ್ಳಗೆ ಬರುತ್ತಿತ್ತು, ಇನ್ನೊಬ್ಬಳು ಮಾತಾಡಿದರೆ ಅಫಜಲಪುರ, ಜೇವರ್ಗಿಯ ಖಾನಾವಳಿಗಳವರು ಬಾಕಿಯನ್ನು ಮರುದಿನವೇ ಕಳಿಸುತ್ತಿದ್ದರು. ಗಾಣಗಾಪುರದ ಲಾಡ್ಜುಗಳಿಗೂ ಇವರದೇ ಖಡಕ್ ರೊಟ್ಟಿ. ಕೈ ಕೆಳಗೆ ನಾಲ್ಕಾರು ಹೆಂಗಸರಿದ್ದರು. ಶಿವಕಾಂತಾಳ ಗಂಡ ಟಂಟಂ ಓಡಿಸುತ್ತ ರೊಟ್ಟಿಯ ಡಬ್ಬಿಗಳನ್ನು ಊರೂರಿಗೆ ಮುಟ್ಟಿಸುತ್ತಿದ್ದ. ಅವನ ಹೆಸರನ್ನು ಆಕೆ ಬಾಯಿಬಿಟ್ಟು ಹೇಳುವವಳಲ್ಲ, "ನಮ್ಮ ಮನಿಯವರು" ಎಂದೇ ಅನ್ನುವವಳು. ಕಟ್ಟಿಕೊಂಡವಳೇ ಹೇಳದ ಮೇಲೆ ನಾವು ಯಾಕೆ ಅವಸರ ಮಾಡಬೇಕು?

ಉಳಿದ ಲಾಭವನ್ನು ಇಬ್ಬರೂ ಬಿಟ್‌ಕಾಯಿನ್‌ಗೆ ಹಾಕಿದ್ದರು. ಈ ಹುಚ್ಚು ಹಚ್ಚಿದವನು ಫರಹೀನಳ ತಮ್ಮ ಶಾಹಿದ. ಶಾರ್ಜಾದಲ್ಲಿ ಕೆಲಸಕ್ಕಿದ್ದವನು ರಜೆಗೆ ಬಂದಾಗ ಶೆಡ್ಡಿನಲ್ಲೇ ಕೂತು ಅದಕ್ಕೆಂದೇ ಒಂದು ಫೋನು ಸಿದ್ಧಮಾಡಿ ಕೊಟ್ಟಿದ್ದ.

"ಫೋನ್ ಹೋದ್ರ ಹೋಗ್ಲಿ ಅಕ್ಕಾ" ಎಂದಿದ್ದ ಅವನು ಅವತ್ತು. "ಇದಕ್ಕ ಇಪ್ಪತ್ನಾಕು ಇಂಗ್ಲಿಷ್ ಮಾತು ಅದಾವ. ಅವು ಯಾರ ಹತ್ರ ಇರ್ತಾವೋ ರೊಕ್ಕ ಅವರದು. ಇಲ್ಲಿ ಬ್ಯಾಂಕಿಲ್ಲ, ಮ್ಯಾನೇಜರ್ ಇಲ್ಲ. ಮರತ್ರ ಹೋಗಿ ಅಳಾಕ ಒಂದು ಕೌಂಟರೂ ಇಲ್ಲ."

ಆಗ ಬಾಯಿ ಹಾಕಿದವರು ಶಿವಕಾಂತಾಳ ಭಾವ ದೌಲತರಾಯರು. ಊರಲ್ಲಿ ಯಾರ ಮನೆ ಪಾಲಾದರೂ ಕರೆಯದೆ ಹೋಗಿ ಕೂಡುವ ಮನುಷ್ಯ. "ಪಾಲುದಾರಕಿ ಅಂದ್ರ ನಂಬಿಗಿ ಅಲ್ಲವ್ವ, ಎರಡು ಕೀಲಿ. ಅರ್ಧ ಆಕಿ ಹತ್ರ ಇರ್ಲಿ, ಅರ್ಧ ನಿನ್ನ ಹತ್ರ. ಆಕೀದು ನಿನಗ ಗೊತ್ತಿರಬಾರದು, ನಿಂದು ಆಕೀಗಿ ಗೊತ್ತಿರಬಾರದು" ಎಂದರು. ಮಾತು ಶಾಣ್ಯಾತನದ್ದೇ ಅನ್ನಿಸಿತು ಶಿವಕಾಂತಾಳಿಗೆ. ಫರಹೀನಳೂ ನಕ್ಕು ಒಪ್ಪಿದಳು.

ಹಾಗೆ ಫರಹೀನ ಹೊರಗೆ ನಿಂತಾಗ ಮೊದಲ ಹನ್ನೆರಡು ಶಿವಕಾಂತಾಳ ಕಿವಿಗೆ ಬಿದ್ದವು, ಈಕೆ ಹೊರಗೆ ನಿಂತಾಗ ಉಳಿದ ಹನ್ನೆರಡು ಫರಹೀನಳ ಕಿವಿಗೆ. ಬಿ.ಎ. ಓದಿದ ಫರಹೀನ ತನ್ನವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಶಿವಕಾಂತಾಳಿಗೆ ಇಂಗ್ಲಿಷ್ ಮಾತು ನಾಲಿಗೆಗೆ ಹತ್ತಬೇಕಲ್ಲ! ಆಕೆ ಒಂದೊಂದಕ್ಕೂ ಶಾಹಿದನ ಹತ್ತಿರ ಅರ್ಥ ಕೇಳಿ, ಆ ಅರ್ಥಗಳನ್ನು ಹೊಸೆದು ಒಂದು ಒಡಪು ಕಟ್ಟಿಬಿಟ್ಟಳು. ಮದುವೆ, ಕುಬಸದ ಮನೆಗಳಲ್ಲಿ ಹೆಂಗಸರು ಗಂಡನ ಹೆಸರು ಸೇರಿಸಿ ಹೇಳುವ ಒಡಪಿನಲ್ಲಿ ಆಕೆಯನ್ನು ಮೀರಿಸುವವರು ನರೋಣಾದಲ್ಲಿ ಇರಲಿಲ್ಲ. ಒಡಪು ಬಾಯಿಗೆ ಕೂತ ಮೇಲೆ ಶಾಹಿದ ಬರೆದುಕೊಟ್ಟಿದ್ದ ಚೀಟಿಯನ್ನು ಒಲೆಗೆ ಹಾಕಿ, ಅದೇ ಉರಿಯಲ್ಲಿ ರೊಟ್ಟಿಯೊಂದನ್ನು ಸುಟ್ಟು ತಿಂದಳು. ಅಷ್ಟು ಹೆಮ್ಮೆ ಆಕೆಗೆ.

ವರ್ಷಗಳು ಕಳೆದವು. ಈಗ ಶೆಡ್ಡಿನ ಮಾಲೀಕ ಜಗದೇವ ಜಾಗವನ್ನೇ ಮಾರಲು ಹೊರಟಿದ್ದ. "ಅಮಾಸಿ ತನಕ ನಿಮಗ ಬಿಟ್ಟೇನಿ, ಆಮ್ಯಾಲ ಬ್ಯಾರೇದವರಿಗಿ ಕೊಡ್ತೇನಿ" ಎಂದಿದ್ದ. ಬಿಟ್‌ಕಾಯಿನ್ ಮಾರಿ ಶೆಡ್ಡು ಕೊಳ್ಳೋಣವೆಂದು ಗೆಳತಿಯರು ಸಂಭ್ರಮದಿಂದ ಫೋನು ಹೊರತೆಗೆದ ದಿನವೇ ಅದು ಎಸರಿಗೆ ಬಿದ್ದದ್ದು.

"ಹೋಗ್ಲಿ ಬಿಡು, ಮಾತು ಅದಾವಲ್ಲ" ಎಂದು ಫರಹೀನ ಸುಧಾರಿಸಿಕೊಂಡು ಹೊಸ ಫೋನು ತಂದಳು. ಶಾರ್ಜಾದಿಂದ ಶಾಹಿದ ಇನ್ನೊಂದು ಫೋನಿನಲ್ಲಿ ದಾರಿ ತೋರಿಸಿದ. ಮೊದಲ ಮಾತು ಹಾಕಿರಿ ಎಂದ. ಶಿವಕಾಂತಾ ಆ ಪರದೆಯನ್ನು ನೋಡಿದಳು, ಫರಹೀನಳನ್ನು ನೋಡಿದಳು. ತನ್ನ ಹತ್ತಿರ ಇದ್ದದ್ದು ಕನ್ನಡ, ಫೋನು ಬೇಡುತ್ತಿದ್ದದ್ದು ಇಂಗ್ಲಿಷ್. ಗುಟ್ಟು ಯಾರಿಂದ ಕಾಯಬೇಕಾಗಿತ್ತೋ ಅವಳನ್ನೇ ದುಭಾಷಿ ಮಾಡಿಕೊಳ್ಳದೆ ಗತಿ ಇರಲಿಲ್ಲ. ದೌಲತರಾಯರ ಎರಡು ಕೀಲಿಯ ಶಾಣ್ಯಾತನ ಅಲ್ಲಿಗೇ ಅರ್ಧ ಮಣ್ಣುಪಾಲಾಯಿತು.

ಆಕೆ ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳನ್ನು ಮುಟ್ಟುತ್ತ ಹೇಳತೊಡಗಿದಳು. ಬೆರಳಿಗೆ ಮೂರು ಗೆಣ್ಣು, ನಾಲ್ಕು ಬೆರಳಿಗೆ ಹನ್ನೆರಡು. "ಹೊಳಿ. ಹಳ್ಳಿ. ಬಂಗಾರ. ಬಾಗಿಲ. ಆನಿ. ಗಿಣಿ..." ಫರಹೀನ ಒಂದೊಂದನ್ನೂ ಇಂಗ್ಲಿಷ್ ಮಾಡಿ ಒತ್ತುತ್ತ ಹೋದಳು. "ಪೇರು" ಎಂದಾಗ ಬಂಡಿ ನಿಂತಿತು.

"ಪೇರು ಅಂದ್ರ ಗ್ವಾವಾ. ಇದು ತಗೋವಲ್ದು ಅಕ್ಕಾ."

"ಯಾಕ ತಗೋಳಲ್ಲ? ನಮ್ಮ ಬಾವಿ ದಂಡಿ ಮ್ಯಾಲಿನ ಪೇರು ಊರೇ ತಿಂತದ."

"ಶಾಹಿದ ಅವತ್ತ ಏನಂದ? ಅವನ ಬಾಯಿ ಮಾತು ಹೇಳು."

"ಪೇರ್ ಅಂದ. ಅದೇನು ಕೇಳೂದು, ಪೇರ್ ಅಂದ್ರ ಪೇರು ಅಂದೆ."

ಫರಹೀನ ಹಣೆ ಬಡಿದುಕೊಂಡು ನಕ್ಕಳು. ಅದು ಬೆಟ್ಟದ ಸೀಮೆಯ ಬೇರೆಯೇ ಹಣ್ಣು, ಇಂಗ್ಲಿಷಿನವರ ಪೇರು. ಒತ್ತಿದ ಕೂಡಲೇ ಫೋನು ಒಪ್ಪಿಕೊಂಡಿತು. ಶಿವಕಾಂತಾ ಉಸಿರು ಬಿಟ್ಟು ಮುಂದುವರಿದಳು. "ಅವ್ವ. ಹಾಲು. ಚಂದ್ರ. ಕನ್ನಡಿ." ಹೆಬ್ಬೆರಳು ಕಿರುಬೆರಳಿನ ಕೊನೆಯ ಗೆಣ್ಣಿನ ಮೇಲೆ ನಿಂತಿತು. ಅದು ಖಾಲಿ ಇತ್ತು.

"ಹನ್ನೊಂದಾತು. ಮುಂದ?"

"ಮುಂದೇನಿರ್ತದ ಬೇ? ಮುಂದ ನಮ್ಮ ಮನಿಯವರದು. ಎಲ್ಲಾ ಒಡಪಿನ ಬಾಲಕ್ಕೂ ಅದ ಇರ್ತದ."

ಮತ್ತೆ ಎಣಿಸಿದರು. ಒಡಪಿನ ಸಂದಿಯಲ್ಲಿದ್ದ ದಂಡಿ, ಜೋರು ಎಂಬ ಮಾತುಗಳನ್ನೂ ಹೆಕ್ಕಿ ಹಾಕಿ ನೋಡಿದರು. ಫೋನು ಒಪ್ಪಲಿಲ್ಲ. ಶಾಹಿದ, "ಆಪಾ, ಖುದಾ ಕಸಮ್, ನಾ ಹನ್ನೆರಡೂ ಓದೇನಿ" ಎಂದ. ಶಿವಕಾಂತಾ ಗೆಣ್ಣುಗಳನ್ನು ಮತ್ತೆ ಮೊದಲಿನಿಂದ ಮುಟ್ಟಿದಳು. ಒಂದು ಮಾತು ಸಾಲದಿದ್ದರೆ ಇಪ್ಪತ್ತಮೂರೂ ದಂಡ. ಆಕೆಯ ಒಂದು ಖಾಲಿ ಗೆಣ್ಣಿನೊಳಗೆ ಫರಹೀನಳ ಪಾಲೂ ಮುಳುಗಿ ಕೂತಿತ್ತು.

ಶಿವಕಾಂತಾಳ ಗಂಡನ ಟಂಟಂನಲ್ಲಿ ಇಬ್ಬರೂ ಕಲಬುರ್ಗಿಗೆ ಹೋದರು. ಅಲ್ಲಿಯ ಮೊಬೈಲ್ ಅಂಗಡಿಯವನೊಬ್ಬ, "ಎಲ್ಲಾ ಮಾತೂ ನನಗ ಕೊಡ್ರಿ, ಉಳಿದದ್ದೊಂದು ನಾ ಮಷಿನ್ನಿನಾಗ ಹುಡುಕಿ ಕೊಡ್ತೇನಿ" ಎಂದ. ಶಿವಕಾಂತಾ ಹೂಂ ಅನ್ನುವವಳಿದ್ದಳು. ಫರಹೀನ ಆಕೆಯ ಕೈ ಹಿಡಿದು ಅಂಗಡಿಯ ಮೆಟ್ಟಿಲು ಇಳಿಸಿದಳು. "ಗುರುತಿಲ್ಲದವನ ಕೈಯಾಗ ಮನಿ ಕೀಲಿ ಕೊಟ್ಟು, ಒಳಗ ಏನದ ನೋಡಪ್ಪ ಅಂದಂಗಾತು. ನನ್ನ ಹನ್ನೆರಡು ನಾ ಕೊಡಾಂಗಿಲ್ಲ" ಎಂದಳು.

ಆಕೆ ಹೇಳಿದ್ದು ಸರಿಯೇ ಇತ್ತು. ಆದರೆ ಸರಿಯಾದ ಮಾತನ್ನು ವಕ್ರವಾಗಿ ಕೇಳಿಸಿಕೊಳ್ಳುವ ಕಿವಿಯೊಂದು ಶಿವಕಾಂತಾಳ ಮನೆಯಲ್ಲಿತ್ತು. ಸಂಜೆ ದೌಲತರಾಯರು ಚಹಾದ ಬಟ್ಟಲು ಕೆಳಗಿಟ್ಟು ಅಂದರು: "ಕೊಡಾಂಗಿಲ್ಲ ಅಂದಳಾ? ತಿಳೀತು ಬಿಡು. ಆ ಹುಡುಗ ನಿನಗ ಹನ್ನೊಂದ ಹೇಳ್ಯಾನ, ಒಂದು ತಾ ಇಟ್ಕೊಂಡಾನ. ಅಕ್ಕ ತಮ್ಮ ಕೂಡೇ ಮಾಡ್ಯಾರ."

"ಹಂಗ ಅನಬ್ಯಾಡ್ರಿ ಭಾವಾ" ಎಂದಳು ಶಿವಕಾಂತಾ. ಅಂದಳು ನಿಜ. ಆದರೆ ಆ ಮಾತು ಜೋಳದ ಹೊಲದ ಮುಳ್ಳಿನಂತೆ ಸೀರೆಗೆ ಹತ್ತಿಕೊಂಡೇ ಬಂತು. ತನಗೆ ಅವತ್ತು ಹನ್ನೊಂದನ್ನೇ ಹೇಳಿರಬಹುದೇ? ಒಡಪು ಕಟ್ಟುವ ಹುರುಪಿನಲ್ಲಿ ತಾನು ಎಣಿಸಿರಲಿಕ್ಕಿಲ್ಲವೇ?

ಆಳಂದದಂಥ ಊರಲ್ಲಿ ಮಾತಿಗೆ ಕಾಲು ನಾಲ್ಕು. ಮರುದಿನ ಫರಹೀನ ಶೆಡ್ಡಿಗೆ ಬಂದವಳೇ ನೇರ ಕೇಳಿದಳು: "ನಿಮ್ಮ ಭಾವ ಅಂದದ್ದು ಕೇಳೇನಿ. ಅವರದು ಬಿಡು. ನೀನೂ ಹಂಗ ತಿಳಕೊಂಡಿ ಏನು ಅಕ್ಕಾ?"

ಕೂಡಲೇ ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಶಿವಕಾಂತಾ ಹಿಟ್ಟಿನ ಮುದ್ದೆಯನ್ನು ಎರಡು ಸಲ ಹೊರಳಿಸಿದಳು. ಆಮೇಲೆ ಇಲ್ಲ ಎಂದಳು. ಆ ಎರಡು ಸಲದಲ್ಲಿ ಕೆಲಸ ಕೆಟ್ಟಿತ್ತು. ಫರಹೀನ ತಲೆ ಅಲ್ಲಾಡಿಸಿ ಡಬ್ಬಿ ತುಂಬಲು ಹೋದಳು. ಅಂದಿನಿಂದ ಇಬ್ಬರ ನಡುವೆ ಉಪ್ಪು ಎಷ್ಟು, ಹಿಟ್ಟು ಎಷ್ಟು ಎಂಬುದರಾಚೆಗೆ ಮಾತಿರಲಿಲ್ಲ. ಮಧ್ಯಾಹ್ನ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದವರು ಬೆನ್ನು ಹಾಕಿ ಕೂತು ಉಂಡರು. ಶಿವಕಾಂತಾಳಿಗೆ ರೊಕ್ಕದ ಚಿಂತೆ ಎಲ್ಲಿ ಹೋಯಿತೋ! ಶೆಡ್ಡು ಹೋದರೆ ಇನ್ನೊಂದು ಸಿಕ್ಕೀತು, ಫರಹೀನ ಹೋದರೆ ಇನ್ನೊಬ್ಬಳು ಎಲ್ಲಿ ಸಿಗುತ್ತಾಳೆ ಎಂಬ ಸಂಕಟವೊಂದೇ ಉಳಿಯಿತು. ಹಗಲೆಲ್ಲ ಆ ಒಡಪನ್ನು ಬಾಯೊಳಗೇ ಜಗಿದಳು. ಎಷ್ಟು ಸಲ ಎಣಿಸಿದರೂ ಕೊನೆಯ ಗೆಣ್ಣು ಖಾಲಿ.

ಇದರ ನಡುವೆ ಕಿಣ್ಣಿ ಸುಲ್ತಾನದಲ್ಲಿ ಶಿವಕಾಂತಾಳ ಅಕ್ಕ ಸಕ್ಕುಬಾಯಿಯ ಮಗಳು ಶಿವಗಂಗಾಳ ಕುಬಸ ಬಂತು. ಚೊಚ್ಚಲ ಬಸುರಿ. ಮದುವೆಗೆ ಮುಂಚೆ ಅವಳೂ ರೊಟ್ಟಿ ಕೇಂದ್ರದಲ್ಲಿ ಕೈ ಕೆಲಸ ಕಲಿತವಳು. ಅವಳೇ ಫೋನು ಮಾಡಿ, "ಫರಹೀನಕ್ಕಾ, ನೀ ಬರದಿದ್ರ ನಾ ಹಸಿರು ಬಳಿ ಇಟ್ಕೊಳ್ಳಾಂಗಿಲ್ಲ" ಎಂದು ಹಟ ಹಿಡಿದಿದ್ದಳು. ಹಾಗಾಗಿ ಇಬ್ಬರೂ ಒಂದೇ ಟಂಟಂನಲ್ಲಿ ಬಂದರು. ಒಬ್ಬಳು ಎಡಗಡೆ ಹೊಲ ನೋಡಿದಳು, ಒಬ್ಬಳು ಬಲಗಡೆ.

ಆರತಿಯಾಯಿತು, ಉಡಿ ತುಂಬಿದ್ದಾಯಿತು. ಇನ್ನೇನು ಊಟಕ್ಕೆ ಏಳಬೇಕೆನ್ನುವಾಗ ಸಕ್ಕುಬಾಯಿ ಪಡಸಾಲೆಯ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಳು. "ಚಿಗವ್ವ ಆದಾಕಿ ಹೆಸರು ಹೇಳದ ಹೆಂಗ ಊಟಕ್ಕ ಹೋಗ್ತಾಳ? ಹೇಳವ್ವ ಶಿವಕಾಂತಾ!"

"ನನ್ನ ತಲಿ ಸರಿ ಇಲ್ಲಕ್ಕ, ಬಿಡ."

"ತಲೀಗಿ ಯಾರು ಕೇಳ್ಯಾರ? ಬಾಯಿ ಅದ ಇಲ್ಲ?"

ಹೆಂಗಸರೆಲ್ಲ ಹೋ ಎಂದರು. ಶಿವಕಾಂತಾಳಿಗೆ ಬೇಕಾದಷ್ಟು ಒಡಪು ಬರುತ್ತಿದ್ದವು. ಆದರೆ ಹಗಲೆಲ್ಲ ಜಗಿದದ್ದೇ ನಾಲಿಗೆಯ ತುದಿಗೆ ನುಗ್ಗಿತು. ಬೇಸರದಿಂದ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿಬಿಟ್ಟಳು:

"ಹೊಳಿ ದಂಡಿ ಹಳ್ಳಿಯಾಗ ಬಂಗಾರದ ಬಾಗಿಲ ಜೋರು,
ಆನಿ ಮ್ಯಾಲ ಗಿಣಿ ಕುಂತು ತಿಂತದ ಪೇರು,
ಅವ್ವ ಕಾಸಿದ ಹಾಲಿನಾಗ ಚಂದ್ರಗ ಸಿಕ್ಕದ ಕನ್ನಡಿ,
ಕಲ್ಯಾಣಕುಮಾರರ ಹೆಸರ ಹೇಳೇನಿ, ಹಾದಿ ಬಿಡಿ!"

ಪಡಸಾಲೆ ಭೇಷ್ ಎಂದಿತು. ಪೇರು ತಿನ್ನುವ ಗಿಣಿಗೆ ಮುದುಕಿಯರು ಬಿದ್ದು ಬಿದ್ದು ನಕ್ಕರು. ಶಿವಕಾಂತಾ ಕಣ್ಣು ತೆರೆದು ನಾಲಿಗೆ ಕಚ್ಚಿಕೊಂಡಳು. ಅರ್ಧ ಕೀಲಿಯನ್ನು ಇಡೀ ಕಿಣ್ಣಿ ಸುಲ್ತಾನಕ್ಕೆ ಹಂಚಿಬಿಟ್ಟಿದ್ದಳು! ಮೂಲೆಯಲ್ಲಿ ಕೂತಿದ್ದ ಫರಹೀನಳತ್ತ ನೋಡಿದಳು. ಫರಹೀನ ಸಿಟ್ಟಾಗಿರಲಿಲ್ಲ. ಅವಳ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಓಡುತ್ತಿತ್ತು. ನಮಾಜಿನ ನಂತರ ತಸಬೀಹಿಗೆ ಎಣಿಸುವ ರೂಢಿಯ ಬೆರಳು ಅದು. ಓಡುತ್ತ ಓಡುತ್ತ ಕಿರುಬೆರಳಿನ ಕೊನೆಯ ಗೆಣ್ಣಿಗೆ ಬಂದು ನಿಂತಿತು.

ಫರಹೀನ ಎದ್ದು ಬಂದು ಆಕೆಯ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದಳು. ಅಲ್ಲಿ ಒಂದು ಎಮ್ಮೆ ಬಿಟ್ಟರೆ ಕೇಳುವವರಿರಲಿಲ್ಲ.

"ಅಕ್ಕಾ, ಕಲ್ಯಾಣ ಅಂದ್ರ ಏನು?"

"ಹುಚ್ಚಿ, ನಮ್ಮ ಮನಿಯವರ ಹೆಸರು."

"ಹೆಸರು ಹೌದು. ಅದರ ಅರ್ಥ ಏನಂತ?"

"ಅರ್ಥ ಏನು? ಕಲ್ಯಾಣ ಅಂದ್ರ ಮದುವಿ. ಲಗ್ನಪತ್ರಿಕಾದಾಗ ಹಾಕಾಂಗಿಲ್ಲೇನು..." ಶಿವಕಾಂತಾಳ ಮಾತು ಅಲ್ಲೇ ನಿಂತಿತು. ಶಾಹಿದ ಅವತ್ತು ಕಡೆಯ ಮಾತಿಗೆ ಅರ್ಥ ಹೇಳಿದಾಗ ತಾನು ಚಪ್ಪಾಳೆ ತಟ್ಟಿದ್ದು, ದೇವರೇ ನಮ್ಮ ಮನಿಯವರ ಹೆಸರನ್ನು ಇದರೊಳಗೆ ಇಟ್ಟಾನ ಎಂದು ಕುಣಿದಾಡಿದ್ದು, ಎಲ್ಲವೂ ಒಮ್ಮೆಗೇ ನೆನಪಿಗೆ ಬಂತು. ಹನ್ನೆರಡನೆಯ ಮಾತು ಮರೆತುಹೋಗಿರಲಿಲ್ಲ. ಗಂಡನ ಹೆಸರು ಒಡಪಿನ ಬಾಲಕ್ಕೆ ಇದ್ದೇ ಇರುತ್ತದಲ್ಲ ಎಂದು ಆಕೆ ಅದನ್ನು ಎಣಿಸಿಯೇ ಇರಲಿಲ್ಲ. ಪಾಪ, ಆ ಮನುಷ್ಯ ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂಬಂತಾಗಿದ್ದ!

ಫರಹೀನ ಫೋನು ತೆಗೆದಳು. ಹನ್ನೊಂದನ್ನೂ ಒತ್ತಿದಳು. "ಮ್ಯಾರೇಜ್" ಎಂದು ಸಣ್ಣಗೆ ಹೇಳುತ್ತ ಹನ್ನೆರಡನೆಯದನ್ನು ಒತ್ತಿದಳು. ಆಮೇಲೆ ತನ್ನ ಹನ್ನೆರಡು. ಪರದೆಯಲ್ಲಿ ಚಕ್ರ ಒಂದು ಗಳಿಗೆ ತಿರುಗಿತು, ತಿರುಗಿತು, ಖಾತೆ ತೆರೆಯಿತು. ಎಲ್ಲವೂ ಇಟ್ಟಲ್ಲೇ ಇತ್ತು.

ಶಿವಕಾಂತಾ ದನದ ಗೋದಲಿಯ ಕಟ್ಟೆಗೆ ಕೂತು ಅತ್ತಳು. ಅದು ದುಃಖದ ಅಳು ಅಲ್ಲ, ಹೊತ್ತ ಮೂಟೆ ಇಳಿಸಿದವರ ಅಳು. ಫರಹೀನ ಪಕ್ಕದಲ್ಲೇ ಕೂತು ನಗತೊಡಗಿದಳು. "ಬಗಲಾಗ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರಂತ. ನೀ ಗಂಡನ್ನ ಟಂಟಂನಾಗ ಕೂಡಿಸ್ಕೊಂಡು ಕಲಬುರ್ಗಿ ತನಕ ಹುಡುಕಿದಿ!"

"ಫರಹೀನ್" ಎಂದಳು ಶಿವಕಾಂತಾ ಮೂಗು ಒರೆಸಿಕೊಳ್ಳುತ್ತ. "ನೀ ಅವತ್ತ ಕೇಳಿದಾಗ ನಾ ಇಲ್ಲ ಅನ್ನಾಕ ತಡಾ ಮಾಡಿದೆನಲ್ಲ, ಅದು ತಪ್ಪಾತು."

"ತಪ್ಪ ಆಗಿತ್ತು" ಎಂದಳು ಫರಹೀನ. ಹೌದೆನ್ನಬೇಕಾದಲ್ಲಿ ಅಲ್ಲ ಎನ್ನುವ ಹೆಣ್ಣಲ್ಲ ಅವಳು. "ಎರಡು ದಿನ ನಾನೂ ಹಂಗ ತಿಳಕೊಂಡಿದ್ದೆ. ನೀನ ಒಂದು ಮಾತು ಮುಚ್ಚಿಟ್ಟು ಅಳಾಕತ್ತಿ ಅಂತ. ಆತು, ಇಬ್ಬರದೂ ಬರೋಬರಿ."

ಶಾಹಿದನಿಗೆ ಸುದ್ದಿ ಮುಟ್ಟಿದಾಗ ಅವನು ಖುಷಿಪಡುವುದು ಬಿಟ್ಟು ಕಿರುಚಿದ. "ಊರ ಮಂದಿ ಮುಂದ ಹೇಳ್ಯಾರಾ? ಆಪಾ, ಈಗಿಂದೀಗ ರೊಕ್ಕ ಎಲ್ಲಾ ಹೊಸ ಬೀಗಕ್ಕ ಹಾಕ್ರಿ!" ಎಮ್ಮೆಯ ಸಾಕ್ಷಿಯಲ್ಲೇ ಹೊಸ ಖಾತೆಯೊಂದನ್ನು ತೆರೆದರು. ಅದು ಹೊಸದಾಗಿ ಇಪ್ಪತ್ತನಾಲ್ಕು ಮಾತು ಕೊಟ್ಟಿತು. "ಈಗ ಹಳೇ ಪದ್ಧತಿನ. ಒಬ್ಬರು ಅತ್ತಾಗ ಹೋಗ್ರಿ" ಎಂದ ಶಾಹಿದ.

ಫರಹೀನ ಎದ್ದಳು. ಶಿವಕಾಂತಾ ಅವಳ ಸೆರಗು ಹಿಡಿದು ಕೂಡಿಸಿದಳು.

"ಎಲ್ಲಿಗೂ ಹೋಗಬ್ಯಾಡ. ಇಪ್ಪತ್ನಾಕೂ ನಿನಗ ಗೊತ್ತಿರ್ಲಿ, ಇಪ್ಪತ್ನಾಕೂ ನನಗ ಗೊತ್ತಿರ್ಲಿ. ನಾಳಿ ನಾ ಸತ್ರ ನಿನ್ನ ಪಾಲು ನನ್ನ ಕೂಡ ಕುಣಿಗಿ ಹೋಗಬೇಕೇನು?"

"ನಾ ಎತ್ಕೊಂಡು ಓಡಿದ್ರ?"

"ಓಡಿದ್ರ ಎಲ್ಲೀ ತನಕ ಓಡ್ತಿ? ರೊಟ್ಟಿ ಬಡಿಯಾಕ ನಿನಗ ಬರ್ತದೇನು?"

ಫರಹೀನ ಜೋರಾಗಿ ನಕ್ಕು ಓದತೊಡಗಿದಳು. ಇಬ್ಬರ ಹೆಬ್ಬೆರಳುಗಳೂ ಗೆಣ್ಣಿನ ಮೇಲೆ ಜೊತೆಯಾಗಿ ನಡೆದವು. ಒಳಗಿನಿಂದ ಊಟಕ್ಕೆ ಕರೆಯುತ್ತಿದ್ದರು. ಹುಗ್ಗಿ ಆರಿ ಹೋಗುತ್ತದೆಂದು ಸಕ್ಕುಬಾಯಿ ಬೈಯುತ್ತಿದ್ದಳು. ಆ ಬೈಗುಳವೂ ಶಿವಕಾಂತಾಳ ಕಿವಿಗೆ ಹಿತವಾಗಿತ್ತು.

ತೆರಿಗೆ ಕಳೆದು ಬಂದ ರೊಕ್ಕದಲ್ಲಿ ಅಮಾವಾಸ್ಯೆಗೆ ಮೊದಲೇ ಶೆಡ್ಡು ಇಬ್ಬರ ಹೆಸರಿಗೂ ನೋಂದಣಿಯಾಯಿತು. ಚೂರುಪಾರು ಉಳಿದದ್ದು ಹೊಸ ಬೀಗದೊಳಗೇ ಇತ್ತು. ಪೇಢೆ ತಿನ್ನಲು ಬಂದ ದೌಲತರಾಯರು ಎರಡನೆಯ ಪೇಢೆಗೆ ಕೈ ಹಾಕುತ್ತ ಕೇಳಿದರು: "ಈಗ ಕೀಲಿ ಯಾರ ಹತ್ರ ಅದ?"

"ಇಬ್ಬರ ಹತ್ರಾನೂ ಪೂರಾ ಅದರಿ ಭಾವಾ."

"ಪೂರಾ? ಆಕಿ ಒಬ್ಬಾಕೀನ ಎತ್ಕೊಂಡು ಹೋದ್ರ ಏನ್ ಮಾಡ್ತಿ?"

ಶಿವಕಾಂತಾ ಹಿಟ್ಟಿನ ಕೈ ಒರೆಸಿಕೊಂಡಳು. ಈ ಸಲ ಉತ್ತರಕ್ಕೆ ಮುದ್ದೆ ಹೊರಳಿಸಬೇಕಾಗಲಿಲ್ಲ. "ಹೋದ್ರ ರೊಕ್ಕ ಹೋಗ್ತದರಿ. ಅರ್ಧ ಕೀಲಿ ಕಾಯ್ಕೋತ ಕುಂತು ನಾ ಆಕೀನ್ನ ಕಳಕೊಳ್ಳಾಕ ಹತ್ತಿದ್ದೆ."

ದೌಲತರಾಯರು ಪೇಢೆಯನ್ನು ಬಾಯಿಗಿಟ್ಟುಕೊಂಡರು. ಡಬ್ಬಿ ತುಂಬುತ್ತಿದ್ದ ಫರಹೀನ ತಲೆ ಎತ್ತಲಿಲ್ಲ, ಆದರೆ ಕೈ ಒಂದು ಗಳಿಗೆ ನಿಂತಿತು.

ಶಿವಕಾಂತಾ ಹೊಸ್ತಿಲಿಗೆ ಬಂದು, ಟಂಟಂ ಒರೆಸುತ್ತಿದ್ದ ಗಂಡನನ್ನು ಕೂಗಿದಳು. ಒಡಪಿರಲಿಲ್ಲ, ಬಾಗಿಲಿಗೆ ಅಡ್ಡ ನಿಂತವರೂ ಇರಲಿಲ್ಲ.

"ಕಲ್ಯಾಣಕುಮಾರ ಅವರ! ಭಾವನ್ನ ಊರಿಗಿ ಬಿಟ್ಟು ಬರ್ರಿ."

ಬೇರೆ ಯಾರನ್ನು ಕರೆದಳೋ ಎಂದು ಅವನು ಹಿಂದೆ ತಿರುಗಿ ನೋಡಿದ.